ಬಾಕಿ ಬರೆಯುವ ಹೊತ್ತು

ಗಣಕಯಂತ್ರದ ಪರಿಭಾಷೆಯಲ್ಲಿ ‘ಡರ್ಟಿ’ ಎಂಬ ಶಬ್ದವೊಂದಿದೆ. ಕೊಳೆಯಾದುದು ಎಂದು ನಿಘಂಟಿನ ಅರ್ಥ. ಆದರೆ ಅಲ್ಲಿ ಅದಕ್ಕೂ ಕೊಳೆಗೂ ಯಾವ ಸಂಬಂಧವೂ ಇಲ್ಲ. ಯಂತ್ರದ ಸ್ಮೃತಿಯಲ್ಲಿ ಬದಲಾಗಿದೆ, ಡಿಸ್ಕಿನ ಮೇಲೆ ಇನ್ನೂ ಬರೆದಾಗಿಲ್ಲ ಎಂಬಷ್ಟೇ ಅದರ ತಾತ್ಪರ್ಯ. ಕನ್ನಡದಲ್ಲಿ ಇದನ್ನು ಹೇಳಹೊರಟರೆ ಮಡಿ ಮೈಲಿಗೆಯ ಮಾತು ಮೊದಲು ನಾಲಗೆಗೆ ಬರುತ್ತದೆ. ಮುಟ್ಟಿದ ಕೂಡಲೇ ಮೈಲಿಗೆ, ಬರೆದು ಮುಗಿಸಿದರೆ ಮಡಿ ಎಂದು ಹೋಲಿಕೆ ಚೆನ್ನಾಗಿಯೇ ಕೂಡುತ್ತದೆ. ಆದರೂ ನನಗೆ ಆ ಮಾತು ಬೇಡವೆನಿಸುತ್ತದೆ. ಬದಲಾಗುವುದರಲ್ಲಿ ದೋಷವೇನಿದೆ? ನಾನು ಅದನ್ನು ‘ಬಾಕಿ’ ಎನ್ನುತ್ತೇನೆ. ಈ ಸಂಚಿಕೆಯ ಕನ್ನಡ ಪುಟಗಳನ್ನು ಓದುವವರಿಗೂ ಮಲಯಾಳ ಪುಟಗಳನ್ನು ಓದುವವರಿಗೂ ಅನುವಾದ ಬೇಡದ ಶಬ್ದವದು.

ಅಡಿಕೆ ವ್ಯಾಪಾರದ ಅಂಗಡಿಯನ್ನು ಕಂಡವರಿಗೆ ಬಾಕಿಯ ವಿಚಾರ ವಿವರಿಸಬೇಕಾಗಿಲ್ಲ. ಮಾರಲು ಬಂದವರು ಸಾಲುಗಟ್ಟಿ ನಿಂತಿರುವಾಗ ಲೆಕ್ಕದವನು ಪ್ರತಿಯೊಂದು ತೂಕಕ್ಕೂ ದೊಡ್ಡ ಖಾತೆ ಪುಸ್ತಕವನ್ನು ಬಿಡಿಸಿ ಕೂರುವುದಿಲ್ಲ. ಚೀಟಿಯಲ್ಲಿ ಗೀಚಿಕೊಳ್ಳುತ್ತಾನೆ. ಸಂಜೆ ಪುರುಸೊತ್ತಾದಾಗ ಚೀಟಿಗಳನ್ನು ಹೆಸರಿನ ಪ್ರಕಾರ ಜೋಡಿಸುತ್ತಾನೆ, ಒಬ್ಬರದೇ ನಾಲ್ಕು ಚೀಟಿಗಳಿದ್ದರೆ ಕೂಡಿಸಿ ಒಮ್ಮೆಗೇ ಖಾತೆಗೆ ಏರಿಸುತ್ತಾನೆ. ಗಣಕದ್ದೂ ಇದೇ ಪದ್ಧತಿ. ಒಂದು ಪ್ರೋಗ್ರಾಂ ಬರೆ ಎಂದು ಹೇಳಿದಾಗ ‘ಬರೆದಾಯಿತು’ ಎಂಬ ಉತ್ತರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತದಲ್ಲ, ಸಾಮಾನ್ಯವಾಗಿ ಅದು ಚೀಟಿಯಲ್ಲಿ ಬರೆದಾಯಿತು ಎಂಬ ಉತ್ತರ. ಖಾತೆಗೆ ಏರುವುದು ಅನಂತರ. ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ ಇದಕ್ಕೆಂದೇ ಹಿನ್ನೆಲೆಯಲ್ಲಿ ಒಬ್ಬ ಗುಮಾಸ್ತ ಇದ್ದಾನೆನ್ನಿ. ರೂಢಿಯ ನಿಯಮದಂತೆ ಅವನು 5 ಸೆಕೆಂಡಿಗೊಮ್ಮೆ ಎದ್ದು ನೋಡುತ್ತಾನೆ. 30 ಸೆಕೆಂಡಿಗಿಂತ ಹಳೆಯದಾದ ಬಾಕಿ ಇದ್ದರೆ ಅದನ್ನು ಡಿಸ್ಕಿಗೆ ಬರೆಯುತ್ತಾನೆ.

ಬಾಕಿಯಲ್ಲಿ ಎರಡು ಬಗೆ. ಒಂದು ಕಡತದೊಳಗಿನ ವಿಷಯ. ಇನ್ನೊಂದು ಕಡತದ ಬಗೆಗಿನ ವಿವರ. ಅದು ಎಷ್ಟು ಉದ್ದ, ಯಾರದ್ದು, ಯಾರು ಓದಬಹುದು, ಯಾವಾಗ ಬದಲಾಯಿತು, ಅದರ ತುಂಡುಗಳು ಡಿಸ್ಕಿನ ಯಾವ ಯಾವ ಮೂಲೆಯಲ್ಲಿವೆ ಎಂಬುದೆಲ್ಲ ‘ಐನೋಡ್’ ಎಂಬ ಒಂದು ಚಿಕ್ಕ ದಾಖಲೆಯಲ್ಲಿರುತ್ತದೆ. ಯೂನಿಕ್ಸ್ ಕಾಲದಿಂದ ಬಂದ ಪದ್ಧತಿ ಇದು. ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ ಐನೋಡಿನಲ್ಲಿ ಕಡತದ ಹೆಸರು ಇರುವುದಿಲ್ಲ. ಅಲ್ಲಿರುವುದು ಸಂಖ್ಯೆ ಮಾತ್ರ. ಹೆಸರು ಬೇರೆ ಪಟ್ಟಿಯಲ್ಲಿರುತ್ತದೆ, ಒಂದೇ ಐನೋಡಿಗೆ ಎರಡು ಹೆಸರುಗಳೂ ಇರಬಹುದು. ಕಾಸರಗೋಡು ಎಂದು ಒಂದು ಸಾಲಿನಲ್ಲಿ, ಕಾಸರ್ಕೋಡ್ ಎಂದು ಇನ್ನೊಂದು ಸಾಲಿನಲ್ಲಿ ಬರೆದ ಫಲಕಗಳ ನಡುವೆ ಓಡಾಡುವ ನಮಗೆ ಇದೇನೂ ವಿಚಿತ್ರವಲ್ಲ. ಎರಡರಲ್ಲಿ ಒಂದು ಹೆಸರನ್ನು ಅಳಿಸಿದರೆ ಕಡತ ಅಳಿಯುವುದಿಲ್ಲ. ಹೆಸರುಗಳೆಷ್ಟು ಎಂಬ ಲೆಕ್ಕ ಐನೋಡಿನಲ್ಲಿ ಎರಡರಿಂದ ಒಂದಕ್ಕೆ ಇಳಿಯುತ್ತದೆ, ಅಷ್ಟೆ. ಆ ಒಂದಂಕಿ ಬದಲಾಯಿತಲ್ಲ, ಆಗ ಐನೋಡೂ ಬಾಕಿಯ ಪಟ್ಟಿಗೆ ಸೇರುತ್ತದೆ.

ಅಷ್ಟೇ ಅಲ್ಲ, ಹಿಂದೆ ಕಡತವನ್ನು ಸುಮ್ಮನೆ ಓದಿದರೂ ಐನೋಡ್ ಬಾಕಿಯಾಗುತ್ತಿತ್ತು. ಕೊನೆಯ ಬಾರಿ ಓದಿದ ಸಮಯವನ್ನೂ ಅದರಲ್ಲಿ ಗುರುತಿಸಬೇಕೆಂಬ ನಿಯಮವಿತ್ತು. ಗ್ರಂಥಾಲಯದಲ್ಲಿ ಪುಸ್ತಕವನ್ನು ಕಪಾಟಿನಿಂದ ತೆಗೆದು ನೋಡಿದವರೆಲ್ಲ ವಹಿಯಲ್ಲಿ ರುಜು ಹಾಕಬೇಕೆಂದರೆ ಹೇಗಾದೀತೋ ಹಾಗೆ. 2009ರಿಂದ ಲಿನಕ್ಸಿನಲ್ಲಿ ಈ ರುಜುವನ್ನು ಅಗತ್ಯವಿದ್ದಾಗ ಮಾತ್ರ ಹಾಕುವ ಪದ್ಧತಿಯೇ ರೂಢಿಯಾಯಿತು. 2015ರಲ್ಲಿ ಬಂದ ‘ಲೇಜಿಟೈಮ್’ ಎಂಬ ಐಚ್ಛಿಕ ಏರ್ಪಾಡು ಇನ್ನೂ ಮುಂದೆ ಹೋಗಿ, ಬರೀ ಸಮಯ ಮಾತ್ರ ಬದಲಾದ ಐನೋಡುಗಳನ್ನು ಬೇರೆ ಕಾರಣವಿಲ್ಲದಿದ್ದರೆ ಒಂದು ದಿನದವರೆಗೂ ಸ್ಮೃತಿಯಲ್ಲೇ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು.

ಹೀಗೆ ತಡಮಾಡುವುದು ಸೋಮಾರಿತನವೆಂದು ಯಾರೂ ತಿಳಿಯಬಾರದು. ಹುಟ್ಟಿ ಹತ್ತೇ ಸೆಕೆಂಡಿನಲ್ಲಿ ಅಳಿಸಿಹೋಗುವ ತಾತ್ಕಾಲಿಕ ಕಡತಗಳು ಎಷ್ಟೋ ಇರುತ್ತವೆ. ತಡಮಾಡಿದರೆ ಅವುಗಳನ್ನು ಬರೆಯುವ ಶ್ರಮವೇ ಇಲ್ಲ. ತಿರುಗುವ ಡಿಸ್ಕಿನಲ್ಲಿ ಓದುವ ಬರೆಯುವ ಮುಳ್ಳು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಲು ಸಾವಿರದ ಹತ್ತು ಪಾಲು ಸೆಕೆಂಡಿನಷ್ಟು ಹೊತ್ತು ಬೇಕು. ಅಕ್ಕಪಕ್ಕದ ಬಾಕಿಗಳನ್ನು ಒಟ್ಟಾಗಿ ಬರೆದರೆ ಆ ಓಡಾಟ ಉಳಿಯುತ್ತದೆ. ಆದುದರಿಂದ ಬಾಕಿ ಇಡುವುದು ಜಾಣತನವೇ. ಪ್ರಶ್ನೆ ಇರುವುದು ಎಷ್ಟು ಬಾಕಿ ಇಡಬೇಕು, ತೀರಿಸುವ ಹೊತ್ತಿಗೆ ಯಾರನ್ನು ಕಾಯಿಸಬೇಕು ಎಂಬುದರಲ್ಲಿ.

ನನಗೆ ಈ ಪ್ರಶ್ನೆ ಎದುರಾದುದು 2010ರ ಆಟಿ ತಿಂಗಳಲ್ಲಿ. ಬದಿಯಡ್ಕದಿಂದ ಒಳಗೆ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮದುವೆಯ ಹಾಡುಗಳನ್ನು ಹಾಡುತ್ತಿದ್ದರು. ಹಸೆಗೆ ಕರೆಯುವ ಹಾಡಿನಿಂದ ಹಿಡಿದು ಹೆಣ್ಣೊಪ್ಪಿಸುವ ಹಾಡಿನವರೆಗೆ ಅವರಿಗೆ ಬರುತ್ತಿತ್ತು. ಅವರ ಸೊಸೆಯಂದಿರಿಗೆ ಮೊದಲೆರಡು ಸಾಲು ಬರುತ್ತಿತ್ತು, ಮೊಮ್ಮಕ್ಕಳಿಗೆ ಅದೂ ಇಲ್ಲ. ನಾವು ಮೂವರು ಅದನ್ನು ಗಣಕದಲ್ಲಿ ಧ್ವನಿಮುದ್ರಿಸಿಕೊಳ್ಳಲು ಹೋಗಿದ್ದೆವು. ಧ್ವನಿ ತೆಗೆದುಕೊಳ್ಳುವುದು ದೊಡ್ಡ ಭಾರದ ಕೆಲಸವಲ್ಲ. ಒಂದು ಮೈಕು, ಸೆಕೆಂಡಿಗೆ 48,000 ಮಾದರಿ, ಮಾದರಿಗೆ 3 ಬೈಟ್, ಒಟ್ಟು ಸೆಕೆಂಡಿಗೆ 1,44,000 ಬೈಟ್. ಅಂದಿನ ಯಾವ ಡಿಸ್ಕಾದರೂ ಇದರ ನೂರು ಪಾಲನ್ನು ಹೊತ್ತೀತು. ಆದರೂ ಆ ದಿನ ಹಾಡಿನ ನಡುವೆ 13 ಸೆಕೆಂಡು ಕಾಣೆಯಾಯಿತು.

ಮುದ್ರಣವನ್ನು ಕೇಳಿದರೆ ಗದ್ದಲವಿಲ್ಲ, ಕರಕರ ಶಬ್ದವಿಲ್ಲ. ಒಂದು ಸಾಲಿನ ಅರ್ಧದಿಂದ ಧ್ವನಿ ನೇರವಾಗಿ ಮೂರು ಸಾಲು ಮುಂದಿನ ಒಂದು ಪದಕ್ಕೆ ಜಿಗಿಯುತ್ತದೆ. ಮಳೆಯ ಸದ್ದೂ ಹಾಗೆಯೇ ಜಿಗಿಯುತ್ತದೆ.

ಇದರ ಕಾರಣ ಹುಡುಕಲು ನಾಲ್ಕು ದಿನ ಹಿಡಿಯಿತು. ಗಣಕವನ್ನು ಒದಗಿಸಿದವರು ಅದರಲ್ಲಿ ಆಗಾಗ ತಾನಾಗಿಯೇ ನಡೆಯುವ ಪ್ರತಿ ತೆಗೆಯುವ ಏರ್ಪಾಡೊಂದನ್ನು ಜೋಡಿಸಿಕೊಟ್ಟಿದ್ದರು. ಅದು ಅಂದು ಬೆಳಗ್ಗೆ ಸ್ಕ್ಯಾನ್ ಮಾಡಿದ್ದ ಹಳೆಯ ಪುಸ್ತಕಗಳ ಚಿತ್ರಗಳನ್ನು, ನಾವು ಧ್ವನಿ ಬರೆಯುತ್ತಿದ್ದ ಆ ಯುಎಸ್‌ಬಿ ಡಿಸ್ಕಿಗೇ ನಕಲು ಮಾಡತೊಡಗಿತ್ತು. ಕರ್ನೆಲ್ಲು ತನ್ನ ಸ್ಥಿತಿಗತಿಯನ್ನು ತಿಳಿಸುವ ‘ಮೆಮ್‌ಇನ್ಫೊ’ ಎಂಬ ಪಟ್ಟಿಯಲ್ಲಿ ಬಾಕಿ ಎಷ್ಟು ಎಂಬುದಕ್ಕೆ ಒಂದು ಸಾಲು, ಬರೆಯುತ್ತಿರುವುದು ಎಷ್ಟು ಎಂಬುದಕ್ಕೆ ಇನ್ನೊಂದು ಸಾಲು ಇದೆ. ಅದೇ ನಕಲನ್ನು ಪುನಃ ನಡೆಸಿ ಆ ಸಾಲುಗಳನ್ನು ನೋಡುತ್ತ ಕುಳಿತಾಗ ಸಂಗತಿ ಬೆಳಕಿಗೆ ಬಂತು. ಬಾಕಿಯ ಅಂಕಿ ಏರುತ್ತ ಹೋಗುತ್ತದೆ, ಏರುತ್ತ ಹೋಗುತ್ತದೆ, ಒಂದು ಮಟ್ಟ ಮುಟ್ಟಿದಾಗ ಧ್ವನಿ ಬರೆಯುವ ಪ್ರೋಗ್ರಾಂ ನಿಂತೇಬಿಡುತ್ತದೆ.

ಆ ಮಟ್ಟ ಎಲ್ಲಿಂದ ಬಂತು? ಲಭ್ಯ ಸ್ಮೃತಿಯ ಶೇಕಡಾ 10ರಷ್ಟು ಬಾಕಿಯಾದಾಗ ಗುಮಾಸ್ತ ಹಿನ್ನೆಲೆಯಲ್ಲಿ ಬರೆಯತೊಡಗಬೇಕು, ಶೇಕಡಾ 20 ಆದರೆ ಹೊಸದಾಗಿ ಬರೆಯ ಬಂದವರನ್ನೇ ತಡೆದು ನಿಲ್ಲಿಸಬೇಕು ಎಂಬುದು ರೂಢಿಯ ನಿಯಮ. ನಮ್ಮ ಯಂತ್ರದಲ್ಲಿ 2 ಗಿಗಾಬೈಟ್ ಸ್ಮೃತಿಯಿತ್ತು, ಲೆಕ್ಕಕ್ಕೆ ಸಿಗುವುದು ಸುಮಾರು ಒಂದೂವರೆ ಎನ್ನೋಣ. ಅದರ ಶೇಕಡಾ 20 ಎಂದರೆ 300 ಮೆಗಾಬೈಟ್. ಹೊರಗಿನ ಆ ಡಿಸ್ಕು ಸೆಕೆಂಡಿಗೆ 15 ಮೆಗಾಬೈಟ್ ಬರೆಯುತ್ತಿತ್ತು. ತುಂಬಿದ ಬಾಕಿಯನ್ನು ತೀರಿಸಲು 20 ಸೆಕೆಂಡು ಬೇಕು. ನಮ್ಮ ಪ್ರೋಗ್ರಾಂ ಸುಮಾರು 17 ಸೆಕೆಂಡು ಕಾದಿತ್ತು. ಅದರ ಕೈಚೀಲದಲ್ಲಿ ಹಿಡಿಯುತ್ತಿದ್ದುದು 4 ಸೆಕೆಂಡಿನ ಧ್ವನಿ ಮಾತ್ರ. ಉಳಿದ 13 ಸೆಕೆಂಡು ನೆಲಕ್ಕೆ ಚೆಲ್ಲಿತು. ಸ್ಮೃತಿ ಕೆಲವೇ ಮೆಗಾಬೈಟುಗಳಿದ್ದ ಕಾಲದಲ್ಲಿ ಶೇಕಡಾ ಲೆಕ್ಕ ಸರಿಯಾಗಿತ್ತು. ಸ್ಮೃತಿ ನೂರು ಪಟ್ಟು ಬೆಳೆಯಿತು, ಅಗ್ಗದ ಡಿಸ್ಕಿನ ವೇಗ ಹಾಗೆ ಬೆಳೆಯಲಿಲ್ಲ. ಶೇಕಡಾ ಅದೇ ಉಳಿಯಿತು, ಕಾಯುವ ಹೊತ್ತು ಮಾತ್ರ ಉದ್ದವಾಯಿತು.

ಇದರಲ್ಲಿ ನ್ಯಾಯದ ವಿಚಾರವೂ ಒಂದಿದೆ. ಬಾಕಿಯನ್ನು ರಾಶಿ ಹಾಕಿದ್ದು ಸ್ಕ್ಯಾನುಗಳ ನಕಲು. ತಡೆಯಲ್ಪಟ್ಟವರಲ್ಲಿ ಅದರ ಜೊತೆಗೆ ಒಂದು ಸಾಲು ಬರೆಯ ಬಂದ ಬಡಪಾಯಿಯೂ ಸೇರಿತ್ತು. ಅಂದಿನ ಕರ್ನೆಲ್ಲಿನಲ್ಲಿ ಇನ್ನೊಂದು ವಿಚಿತ್ರವೂ ಇತ್ತು. ತಡೆದವನನ್ನು ಸುಮ್ಮನೆ ಕೂರಿಸುತ್ತಿರಲಿಲ್ಲ, ಅವನ ಕೈಗೇ ಲೇಖನಿ ಕೊಟ್ಟು ಬಾಕಿ ಬರೆಯಲು ಹಚ್ಚುತ್ತಿದ್ದರು. ಗ್ರಾಮ ಕಚೇರಿಗೆ ಒಂದು ಅರ್ಜಿ ಕೊಡಲು ಹೋದವನನ್ನು ಹಿಡಿದು, ಹಳೆಯ ವಹಿಯ ನಲುವತ್ತು ಪುಟ ನಕಲು ಮಾಡಿದ ಮೇಲೆ ನಿನ್ನ ಅರ್ಜಿ ತೆಗೆದುಕೊಳ್ಳುತ್ತೇವೆ ಎಂದ ಹಾಗೆ. ಇಂಥವರು ಹಲವರಾದರೆ ಒಬ್ಬೊಬ್ಬನೂ ಡಿಸ್ಕಿನ ಒಂದೊಂದು ಮೂಲೆಗೆ ಬರೆಯುತ್ತಾನೆ. ಮುಳ್ಳು ಅತ್ತಿತ್ತ ಓಡಿ ಎಲ್ಲರ ಕೆಲಸವೂ ಇನ್ನಷ್ಟು ನಿಧಾನವಾಗುತ್ತದೆ.

ನಕಲು ಮಾಡುವ ಪ್ರೋಗ್ರಾಮಿಗೆ ಆದ್ಯತೆ ಕಡಿಮೆ ಮಾಡಿ ಎಂದು ಒಬ್ಬರು ಸಲಹೆ ಕೊಟ್ಟರು. ಮಾಡಿ ನೋಡಿದೆವು, ಪ್ರಯೋಜನವಾಗಲಿಲ್ಲ. ಯೋಚಿಸಿದರೆ ಅದು ಆಗುವಂತೆಯೂ ಇರಲಿಲ್ಲ. ನಕಲು ಮಾಡುವವನು ಚೀಟಿ ಗೀಚಿ ಹೋಗಿರುತ್ತಾನೆ. ಡಿಸ್ಕಿಗೆ ಬರೆಯುವುದು ಹೆಚ್ಚಾಗಿ ಗುಮಾಸ್ತ. ಗುಮಾಸ್ತನ ಕೈಗೆ ಬಂದ ಮೇಲೆ ಯಾವ ಚೀಟಿ ಯಾರದೆಂಬ ಭೇದ ಉಳಿದಿರುವುದಿಲ್ಲ. ಇನ್ನು ಐನೋಡಿನ ತೊಡಕು ಬೇರೆ. ಧ್ವನಿಯ ಕಡತ ಉದ್ದವಾಗುತ್ತಿದ್ದಂತೆ ಅದರ ಐನೋಡಿನಲ್ಲಿ ಉದ್ದದ ಅಂಕಿ ಬದಲಾಗಬೇಕು. ಆಗಿನ ಇಎಕ್ಸ್‌ಟಿ3 ಕಡತ ವ್ಯವಸ್ಥೆಯಲ್ಲಿ ಇಂಥ ಬದಲಾವಣೆಗಳೆಲ್ಲ ಮೊದಲು ‘ಜರ್ನಲ್’ ಎಂಬ ಒಂದೇ ದಿನಚರಿಗೆ ಸೇರಬೇಕು. 5 ಸೆಕೆಂಡಿಗೊಮ್ಮೆ ಆ ದಿನಚರಿಯ ಪುಟ ಮುಗಿಸಿ ಮುದ್ರೆ ಒತ್ತುವ ಪದ್ಧತಿ. ಮುದ್ರೆ ಒತ್ತುವ ಮೊದಲು ಆ ಪುಟಕ್ಕೆ ಸಂಬಂಧಿಸಿದ ಎಲ್ಲರ ವಿಷಯವೂ ಡಿಸ್ಕಿಗೆ ಇಳಿದಿರಬೇಕು. ಆದುದರಿಂದ ತನ್ನ ಚಿಕ್ಕ ಕಡತವನ್ನು ಮಾತ್ರ ಭದ್ರಪಡಿಸು ಎಂದು ಕೇಳಿಕೊಂಡವನು ಊರಿನವರ ಲೆಕ್ಕವೆಲ್ಲ ಮುಗಿಯುವ ತನಕ ಕಾಯಬೇಕಿತ್ತು. 2008ರಲ್ಲಿ ಬಂದ ಫೈರ್‌ಫಾಕ್ಸ್‌ನ ಮೂರನೆಯ ಆವೃತ್ತಿ ಲಿನಕ್ಸಿನಲ್ಲಿ ಆಗಾಗ ಮರಗಟ್ಟಿದಂತೆ ನಿಲ್ಲುತ್ತಿದ್ದುದಕ್ಕೆ ಇದೇ ಕಾರಣವಾಗಿತ್ತು.

ಈ ಗುಮಾಸ್ತನ ಚರಿತ್ರೆಯೇ ಒಂದು ಸ್ವಾರಸ್ಯ. ಹಳೆಯ ಯೂನಿಕ್ಸಿನಲ್ಲಿ 30 ಸೆಕೆಂಡಿಗೊಮ್ಮೆ ಎಲ್ಲವನ್ನೂ ಬರೆಯಿರಿ ಎಂದು ಕೂಗುವ ‘ಅಪ್‌ಡೇಟ್’ ಎಂಬ ಚಿಕ್ಕ ಪ್ರೋಗ್ರಾಂ ಇತ್ತು. ಕೂಗಿದ ಕೂಡಲೇ ಡಿಸ್ಕಿಗೆ ಒಮ್ಮೆಗೇ ನೂಕುನುಗ್ಗಲು. ಲಿನಕ್ಸಿನ 2.6ನೆಯ ಆವೃತ್ತಿಯ ಮೊದಲ ವರ್ಷಗಳಲ್ಲಿ ಎರಡರಿಂದ ಎಂಟು ಮಂದಿ ಗುಮಾಸ್ತರು ಎಲ್ಲ ಡಿಸ್ಕುಗಳನ್ನೂ ಸೇರಿ ನೋಡಿಕೊಳ್ಳುತ್ತಿದ್ದರು. ನಿಧಾನವಾದ ಡಿಸ್ಕಿನ ಮುಂದೆ ಅವರು ಸಿಕ್ಕಿಬಿದ್ದರೆ ವೇಗದ ಡಿಸ್ಕಿಗೂ ಗತಿಯಿಲ್ಲ. 2009ರ ಡಿಸೆಂಬರಿನಲ್ಲಿ ಬಂದ 2.6.32ರಲ್ಲಿ ಯೆನ್ಸ್ ಆಕ್ಸ್‌ಬೋ ಅವರು ಒಂದೊಂದು ಡಿಸ್ಕಿಗೆ ಒಬ್ಬೊಬ್ಬ ಪ್ರತ್ಯೇಕ ಗುಮಾಸ್ತನನ್ನು ನೇಮಿಸಿದರು. 2012ರ ಜನವರಿಯಲ್ಲಿ ಬಂದ 3.2ರಲ್ಲಿ ವು ಫೆಂಗ್‌ಗುವಾಂಗ್ ಅವರ ಸುಧಾರಣೆ ಸೇರಿತು. ಅದರಂತೆ ಬರೆಯ ಬಂದವನ ಕೈಗೆ ಲೇಖನಿ ಕೊಡುವಂತಿಲ್ಲ. ಡಿಸ್ಕು ಎಷ್ಟು ವೇಗದಲ್ಲಿ ಬರೆಯುತ್ತಿದೆಯೆಂದು ಅಳೆದು, ಅದಕ್ಕೆ ತಕ್ಕಂತೆ ಪ್ರತಿಯೊಬ್ಬನನ್ನೂ ಸ್ವಲ್ಪ ಸ್ವಲ್ಪ ಹೊತ್ತು ಮಲಗಿಸಬೇಕು, ಒಂದು ಸಲಕ್ಕೆ ಹೆಚ್ಚೆಂದರೆ ಸೆಕೆಂಡಿನ ಐದನೆಯ ಒಂದು ಪಾಲು. ಕಟ್ಟ ಕಡೆಗೆ ಗೋಡೆಗೆ ಢಿಕ್ಕಿ ಹೊಡೆಯುವ ಬದಲು ದಾರಿಯಲ್ಲೇ ನಿಧಾನವಾಗುವ ಕ್ರಮ ಇದು. ನಮ್ಮ ಹಾಡಿಗೆ ಅದು ಹದಿನೆಂಟು ತಿಂಗಳು ತಡವಾಗಿ ಬಂತು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಮೆಚ್ಚಿಗೆಯಾದುದು 2020ರಲ್ಲಿ ನಡೆದ ಒಂದು ಕೆಲಸ. ಎಕ್ಸ್‌ಎಫ್‌ಎಸ್ ಎಂಬುದು 1990ರ ದಶಕದಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯಲ್ಲಿ ಹುಟ್ಟಿ ಆಮೇಲೆ ಲಿನಕ್ಸಿಗೆ ಬಂದ ಕಡತ ವ್ಯವಸ್ಥೆ. ದೊಡ್ಡ ದೊಡ್ಡ ಸರ್ವರುಗಳಲ್ಲಿ ಅದು ಲಕ್ಷಗಟ್ಟಲೆ ಐನೋಡುಗಳನ್ನು ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಸ್ಮೃತಿಗೆ ಬರಗಾಲ ಬಂದಾಗ ಹಳೆಯ ಐನೋಡುಗಳನ್ನು ಹೊರಹಾಕಿ ಜಾಗ ಮಾಡಬೇಕು. ಬರೆದು ಮುಗಿದ ಐನೋಡಾದರೆ ಹಾಗೆಯೇ ಬಿಡಬಹುದು, ಬಾಕಿಯದ್ದಾದರೆ ಬರೆದೇ ಬಿಡಬೇಕು. ಆದರೆ ಐನೋಡುಗಳು ಡಿಸ್ಕಿನಲ್ಲಿ ಒಂಟಿಯಾಗಿ ಇರುವುದಿಲ್ಲ, ಹಲವು ಐನೋಡುಗಳ ಒಂದು ಗುಂಪು ಒಂದು ಹಾಳೆಯಲ್ಲಿರುತ್ತದೆ. ಒಂದನ್ನು ತಿದ್ದಬೇಕಾದರೂ ಇಡೀ ಹಾಳೆ ಸ್ಮೃತಿಯಲ್ಲಿ ಇರಬೇಕು. ಬರಗಾಲದಲ್ಲಿ ಆ ಹಾಳೆಯನ್ನೇ ಮೊದಲು ಹೊರಹಾಕಿಬಿಟ್ಟಿದ್ದರೆ? ಬರೆಯಲು ಹೊರಟವನು ಮೊದಲು ಹಾಳೆಯನ್ನು ಡಿಸ್ಕಿನಿಂದ ಓದಿ ತರಬೇಕು, ತಂದು ಇಡಲು ಸ್ಮೃತಿ ಬೇಕು, ಸ್ಮೃತಿಯೇ ಇಲ್ಲವೆಂದಲ್ಲವೇ ಈ ಕೆಲಸಕ್ಕೆ ಹೊರಟದ್ದು! ಬಾವಿಯ ಹಗ್ಗ ಬಾವಿಯೊಳಗೆ ಬಿದ್ದ ಕಥೆ. ಜಾಗ ಕೇಳಲು ಬಂದ ಯಾವುದೋ ಸಂಬಂಧವಿಲ್ಲದ ಪ್ರೋಗ್ರಾಂ ಅಲ್ಲಿಯೇ ನಿಂತು ಕಾಯುತ್ತಿತ್ತು.

ಡೇವ್ ಚಿನ್ನರ್ ಅವರು ಮಾಡಿದ ಪರಿಹಾರವನ್ನು ಎರಡು ಮಾತಿನಲ್ಲಿ ಹೇಳಬಹುದು. ಐನೋಡ್ ಮೊದಲ ಬಾರಿ ಬದಲಾದಾಗಲೇ ಅದರ ಹಾಳೆಯನ್ನು ತಂದು ಕಟ್ಟಿ ಇಟ್ಟುಕೊಳ್ಳಬೇಕು, ಬಾಕಿ ತೀರುವ ತನಕ ಅದನ್ನು ಬಿಡಕೂಡದು. ಜಾಗ ಕೇಳಲು ಬಂದವರಿಗೆ ಬರೆದು ಮುಗಿದ ಐನೋಡುಗಳನ್ನು ಮಾತ್ರ ತೆಗೆಯಲು ಅನುಮತಿ, ಬಾಕಿಯದ್ದನ್ನು ಅವರು ಮುಟ್ಟದೆ ದಾಟಬೇಕು, ಅದು ಹಿನ್ನೆಲೆಯ ಗುಮಾಸ್ತನ ಪಾಲಿಗೆ. ಆ ವರ್ಷದ ಅಕ್ಟೋಬರಿನಲ್ಲಿ ಬಂದ 5.9ನೆಯ ಆವೃತ್ತಿಯಲ್ಲಿ ಇದು ಸೇರಿತು. ಬರೆಯುವ ಕೆಲಸ ಇದರಿಂದ ಕಡಿಮೆಯಾಗಲಿಲ್ಲ. ಬೇಕಾದ ಹಾಳೆಯನ್ನು ಕೈಯಲ್ಲಿ ಪುರುಸೊತ್ತಿರುವಾಗಲೇ ತಂದಿಟ್ಟುಕೊಂಡದ್ದರಿಂದ ಮತ್ತು ದಾರಿಹೋಕನನ್ನು ಕಾಯಿಸದೆ ಇದ್ದುದರಿಂದ ತಡೆ ತಪ್ಪಿತು.

ನಮ್ಮ ಚಿಕ್ಕ ಯಂತ್ರಕ್ಕೆ 2010ರಲ್ಲಿ ನಾವು ಮಾಡಿಕೊಂಡ ಏರ್ಪಾಡೂ ಇಷ್ಟೇ ಸರಳ. ಶೇಕಡಾ ಲೆಕ್ಕವನ್ನು ಬಿಟ್ಟು ಬಾಕಿಯ ಮಿತಿಯನ್ನು ಬೈಟುಗಳಲ್ಲೇ ಹೇಳುವ ಸೌಕರ್ಯ ಒಂದು ವರ್ಷದ ಹಿಂದೆ ಬಂದಿತ್ತು. 16 ಮೆಗಾಬೈಟ್ ಆದ ಕೂಡಲೇ ಹಿನ್ನೆಲೆಯಲ್ಲಿ ಬರೆಯಲು ಆರಂಭಿಸು, 48 ದಾಟಲು ಬಿಡಬೇಡ ಎಂದು ಗೊತ್ತುಮಾಡಿದೆವು. ಸೆಕೆಂಡಿಗೆ 15 ಮೆಗಾಬೈಟಿನಂತೆ 48 ತೀರಲು ಮೂರು ಸೆಕೆಂಡು ಚಿಲ್ಲರೆ, ಅದು ಪ್ರೋಗ್ರಾಮಿನ ನಾಲ್ಕು ಸೆಕೆಂಡಿನ ಚೀಲದೊಳಗೆ ಹಿಡಿಯುತ್ತದೆ. ಆದರೂ ನಂಬದೆ, ಧ್ವನಿ ಹಿಡಿಯುವ ಕೆಲಸವನ್ನೂ ಡಿಸ್ಕಿಗೆ ಬರೆಯುವ ಕೆಲಸವನ್ನೂ ಬೇರೆ ಬೇರೆ ಮಾಡಿದ ಇನ್ನೊಂದು ಪ್ರೋಗ್ರಾಮನ್ನು ತಂದೆವು. ಎರಡರ ನಡುವೆ 30 ಸೆಕೆಂಡಿನ ಚೀಲವನ್ನಿಟ್ಟರೆ ಬೇಕಾದ ಸ್ಮೃತಿ ನಾಲ್ಕೂ ಕಾಲು ಮೆಗಾಬೈಟ್, ಒಂದು ಚಿತ್ರದಷ್ಟೂ ಅಲ್ಲ. ಧ್ವನಿಯನ್ನು ಒಳಗಿನ ಡಿಸ್ಕಿಗೆ ಬರೆದು, ನಕಲು ಮಾಡುವುದನ್ನು ರಾತ್ರಿಗೆ ದೂಡಿದೆವು. ಒಂದೊಂದು ಹಾಡು ಮುಗಿದು ಅಜ್ಜಿ ನೀರು ಕುಡಿಯುವ ಹೊತ್ತಿನಲ್ಲಿ ಆ ಕಡತವನ್ನು ಈಗಲೇ ಭದ್ರಪಡಿಸು ಎಂಬ ಆಜ್ಞೆ ಕೊಡುತ್ತಿದ್ದೆವು. ಹಾಡಿನ ನಡುವೆ ಎಂದೂ ಇಲ್ಲ. ಮಿತಿ ಕಡಿಮೆ ಮಾಡಿದರೆ ನಷ್ಟವೇ ಇಲ್ಲವೆಂದಲ್ಲ, ಒಟ್ಟಾಗಿ ಬರೆಯುವ ಲಾಭ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಆಟಿಯ ಗಾಳಿಮಳೆಯಲ್ಲಿ ಕರೆಂಟು ಹೋದರೆ ಕಳೆದುಕೊಳ್ಳುವುದೂ ಅಷ್ಟೇ ಕಡಿಮೆ.

ಅಜ್ಜಿಯ ಹತ್ತಿರ ಮತ್ತೆ ಹೋಗಿ ಆ ಹಾಡನ್ನು ಇನ್ನೊಮ್ಮೆ ಕೇಳಿದೆವು. ಸಂತೋಷದಿಂದಲೇ ಹಾಡಿದರು. ಎರಡನೆಯ ಬಾರಿ ಹಾಡು ಬೇರೆ ದಾರಿಯಲ್ಲಿ ಹೋಯಿತು. ನಾವು ಕಳೆದುಕೊಂಡ ಸಾಲುಗಳ ಜಾಗದಲ್ಲಿ ಎರಡು ಸಾಲು ಬಂತು, ಅದರ ಮುಂದಿನ ಪದ ಮೊದಲಿನ ಮುದ್ರಣದ ಪದದೊಡನೆ ಕೂಡುವುದಿಲ್ಲ. ಮೊದಲು ಹೇಗೆ ಹಾಡಿದಿರಿ ಎಂದು ಕೇಳಿದಾಗ, ‘ಹಾಡಿದ ಹಾಂಗೇ’ ಎಂದರು. ಅವರಿಗೆ ಹಾಡೆಂಬುದು ಎಲ್ಲಿಯೋ ಬರೆದಿಟ್ಟು ಓದುವ ಸಂಗತಿಯಾಗಿರಲಿಲ್ಲ, ಹಾಡುವಾಗ ಹುಟ್ಟುವಂಥದು. ಎರಡು ಮುದ್ರಣಗಳನ್ನೂ ಇಟ್ಟುಕೊಂಡಿದ್ದೇವೆ. ಅಜ್ಜಿ ಈಗ ಇಲ್ಲ.

ಗಡಿಯ ಈಚೆ ಇರುವ ನಮ್ಮ ಮನೆಗಳಲ್ಲಿ ಇಂಥ ಬಾಕಿ ಬಹಳವಿದೆ. ಹಾಡು, ಗಾದೆ, ಮದ್ದಿನ ಸೊಪ್ಪಿನ ಹೆಸರು, ಗದ್ದೆಗಳ ಹೆಸರು, ಹಳೆಯ ಶಾಲೆಯಲ್ಲಿ ಯಾರು ಕನ್ನಡ ಕಲಿಸಿದರೆಂಬ ನೆನಪು. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ನಾಡಿನಲ್ಲೋ ಇದ್ದು ವರ್ಷಕ್ಕೊಮ್ಮೆ ಬಂದಾಗ ಎಲ್ಲವನ್ನೂ ಒಂದೇ ದಿನದಲ್ಲಿ ಮುದ್ರಿಸಿಕೊಳ್ಳಬೇಕೆಂದು ಹಿರಿಯರನ್ನು ಕೂರಿಸುತ್ತಾರೆ. ಹಿರಿಯರಿಗೆ ಆಯಾಸ, ನೆನಪು ತಡೆಯುತ್ತದೆ, ಅಷ್ಟರಲ್ಲಿ ರಜೆ ಮುಗಿಯುತ್ತದೆ. ಹತ್ತಿರವಿರುವವರು ವಾರಕ್ಕೆ ಹತ್ತು ನಿಮಿಷದಂತೆ ಬರೆದಿಟ್ಟುಕೊಂಡರೆ ಯಾರನ್ನೂ ಕಾಯಿಸಬೇಕಾಗಿಲ್ಲ. ಈಗ ಎಲ್ಲರ ಕಿಸೆಯಲ್ಲಿ ಇರುವ ಫೋನು 2010ರ ನಮ್ಮ ಯಂತ್ರಕ್ಕಿಂತ ಸಮರ್ಥವಾದುದು. ಮುದ್ರಿಸಿಕೊಂಡ ಮೇಲೆ ಒಮ್ಮೆ ಮೊದಲಿನಿಂದ ಕೊನೆಯವರೆಗೆ ಕೇಳಿ ನೋಡಬೇಕು, ಇನ್ನೊಂದು ಕಡೆ ಒಂದು ಪ್ರತಿ ಇಡಬೇಕು. ಕೇಳಿ ನೋಡುವುದನ್ನು ಆ ದಿನವೇ, ಹಾಡಿದವರು ಎದುರಿಗಿರುವಾಗಲೇ ಮಾಡುವುದು ಒಳ್ಳೆಯದು.